ಪರೀಕ್ಷೆಯ ದಿನ ನಾನು ದೋಣಿಯಲ್ಲಿದ್ದೆ

ಹೊಲಿಗೆ ಕೊಠಡಿ,
ಹದಿನಾಲ್ಕನೇ ತಾರೀಕು, ಸೋಮವಾರ

ನನ್ನ ಬುಗುರಿಗೆ,

ಅಮ್ಮನ ಆಶೀರ್ವಾದ. ಹೊಸ ಊರು, ಹೊಸ ಕೆಲಸ ಹೇಗಿದೆ? ನಿನ್ನ ಹತ್ತಿರ ಕಲಿಯುವವರು ಹೇಳಿದ ಮಾತು ಕೇಳುತ್ತಾರಾ, ಇಲ್ಲ ಅವರೂ ನಿನ್ನ ಹಾಗೇನಾ? ನಾನು ಚೆನ್ನಾಗಿದ್ದೇನೆ. ಅಂದರೆ, ನೋಡಿದವರಿಗೆ ಹಾಗೆ ಕಾಣುತ್ತೇನೆ. ಹನ್ನೊಂದು ದಿನದಿಂದ ಒಂದು ವಿಷಯ ಬಚ್ಚಿಟ್ಟುಕೊಂಡು ಕೂತಿದ್ದೇನೆ. ಇದನ್ನು ಓದಿದ ಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೂ ಬಿಡಬಹುದು. ಆದರೂ ಹೇಳದೆ ಇರಲಾರೆ.

ಮೊದಲು ಸುಲಭದ್ದು. ಗಾಳಿಪಟ ಕಟ್ಟಿಕೊಂಡು ನೀರ ಮೇಲೆ ಓಡುವ ನಿನ್ನ ಪರೀಕ್ಷೆಯ ದಿನ ನಾನು ಇಲ್ಲಿ ಟಾರ್ಪಾಲು ಹೊಲಿಯುತ್ತಾ ಕೂತಿರಲಿಲ್ಲ. ನಿನ್ನ ಮಾವನ ರಕ್ಷಣಾ ದೋಣಿಯಲ್ಲಿದ್ದೆ. ನಗಬೇಡ. ಮೂವತ್ತು ವರ್ಷ ದೋಣಿಗಳಿಗೆ ಹಾಯಿ ಹೊಲಿದವಳು ದೋಣಿ ಹತ್ತಿದ್ದು ಅದೇ ಮೊದಲು. ಅಕ್ಕಾ, ಇವತ್ತು ಸಮುದ್ರಕ್ಕೆ ತಲೆ ಕೆಟ್ಟಿದೆ, ನೀನು ಬರಬೇಡ ಮಾರಾಯ್ತಿ ಅಂತ ಅವನು ಬಡಕೊಂಡ. ನಾನು ಕೇಳಲಿಲ್ಲ. ನಿನ್ನ ಕಿವಿ ಹಿಂಡಿ ದಡಕ್ಕೆ ಎಳೆದು ತರಬೇಕು ಅಂತಲೇ ಹೊರಟಿದ್ದೆ.

ಹೊರಗೆ ಹೋದರೆ ಆಕಾಶ ಮಸಿ ಬಳಿದ ಹಾಗಿತ್ತು. ಮಳೆ ಮೇಲಿಂದ ಬೀಳದೆ ಅಡ್ಡಡ್ಡ ಹೊಡೆಯುತ್ತಿತ್ತು. ಕಂಬಿ ತಬ್ಬಿಕೊಂಡು, ಬೆಳಗ್ಗೆ ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ತಲೆ ಎತ್ತಿದೆ. ಆರು ಗಾಳಿಪಟಗಳು, ಒಂದೊಂದೂ ನಮ್ಮ ಅಂಗಳದಷ್ಟು ಅಗಲ. ಕೆಳಗೆ ಹಲಗೆಗಳ ಮೇಲೆ ನೀವು ಆರು ಜನ. ಸಣ್ಣ ಹಗ್ಗಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲೆಯ ಬೆನ್ನೇರುವುದೇನು, ಅಲ್ಲಿಂದ ಮೇಲಕ್ಕೆ ಹಾರುವುದೇನು, ಗಾಳಿಯಲ್ಲೇ ಒಂದು ಸುತ್ತು ಹಾಕಿ ಮತ್ತೆ ನೀರಿಗೆ ಇಳಿಯುವುದೇನು! ಬಟ್ಟೆ ಗಾಳಿಗೆ ಉಬ್ಬುವುದನ್ನು ಜೀವಮಾನವಿಡೀ ನೋಡಿದ್ದೇನೆ. ಅದು ಮನುಷ್ಯರ ಮಾತನ್ನು ಇಷ್ಟು ಚೆನ್ನಾಗಿ ಕೇಳುವುದನ್ನು ನೋಡಿರಲಿಲ್ಲ.

ನೀನು ಯಾರು ಅಂತ ಗುರುತಿಸಲು ಕಷ್ಟವಾಗಲಿಲ್ಲ. ಬೇರೆಯವರು ದಡದ ಕಡೆ ತಿರುಗುವ ಜಾಗದಲ್ಲಿ ನೀನು ಇನ್ನೂ ಒಂದು ಅಲೆ ದಾಟಿ ತಿರುಗುತ್ತಿದ್ದೆ. ಅದೇನು ಬಾಗುತ್ತೀಯೇ ನೀನು, ಬೆನ್ನು ನೀರಿಗೆ ತಾಗುವಷ್ಟು. ಮನೆಯಲ್ಲಿ ಬಗ್ಗಿ ಒಂದು ಪೊರಕೆ ಎತ್ತಿದವಳಲ್ಲ. ಒಮ್ಮೆಯಂತೂ ಎಷ್ಟು ಎತ್ತರಕ್ಕೆ ಹಾರಿದೆಯೆಂದರೆ ನನ್ನ ಪಕ್ಕ ಕೂತಿದ್ದ ಪರೀಕ್ಷಕರು ಅಂಕ ಬರೆಯುವುದನ್ನೇ ಮರೆತರು. ಅವಳು ನನ್ನ ಮಗಳು ಅಂತ ಅವರಿಗೆ ಹೇಳಿದೆ. ಗಾಳಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ.

ಆಗಲೇ ನಿನ್ನ ಮಾವ ಗಮನಿಸಿದ್ದು, ನೀನು ಹಾರಿಸುತ್ತಿದ್ದ ಕೆಂಪು ಪಟ ನಿನ್ನದಲ್ಲ, ನಿನ್ನ ಮೇಷ್ಟರದ್ದು ಅಂತ. ಗಾಳಿ ಜೋರಾದಷ್ಟೂ ಪಟ ಚಿಕ್ಕದಿರಬೇಕು, ಇದು ಇವಳ ತೂಕಕ್ಕೆ ಬಹಳ ದೊಡ್ಡದು, ಇವಳ ಚಿಕ್ಕದೆಲ್ಲಿ ಹೋಯ್ತು ಅಕ್ಕಾ ಅಂತ ಕೇಳಿದ. ನಾನು ಕಂಬಿಯ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಒಂದು ಗಾಳಿ ಬಂತು ನೋಡು, ನಿನ್ನನ್ನು ಹಲಗೆಯಿಂದ ಕಿತ್ತು ನೀರಿನ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಯಿತು. ಮಾವ ದೋಣಿ ತಿರುಗಿಸಿದ. ನಾವು ಮುಟ್ಟುವ ಮೊದಲೇ ನೀನು ಪಟವನ್ನು ಹದಕ್ಕೆ ತಂದು, ಹಲಗೆ ಹುಡುಕಿ, ಕಾಲು ಸಿಕ್ಕಿಸಿ, ಎದ್ದು ನಿಂತೆ. ನಿಂತವಳೇ, ಏನೂ ಆಗಿಲ್ಲ ಅನ್ನುವ ಹಾಗೆ ದೋಣಿಯ ಕಡೆ ಕೈ ಬೀಸಿದೆ. ನಾನು ಮಾವನ ಬೆನ್ನ ಹಿಂದೆ ಅಡಗಿಕೊಂಡೆ.

ಈಗ ಕಷ್ಟದ್ದು. ನಿನ್ನ ಚಿಕ್ಕ ಪಟದ ಅಂಚು ಗಟ್ಟಿ ಮಾಡಿಕೊಡು ಅಂತ ಪರೀಕ್ಷೆಗೆ ಮೊದಲು ನನ್ನ ಮೇಜಿನ ಮೇಲೆ ಇಟ್ಟಿದ್ದೆಯಲ್ಲ. ಅಂಚನ್ನು ಚೆನ್ನಾಗಿಯೇ ಹೊಲಿದೆ. ಆಮೇಲೆ ಗಾಳಿ ತುಂಬುವ ಕೊಳವೆಗೆ ಸೂಜಿ ಚುಚ್ಚಿದೆ. ನಾಲ್ಕು ಕಡೆ, ಹೊಲಿಗೆಯ ಸಾಲಿನಲ್ಲೇ, ಯಾರಿಗೂ ಕಾಣದ ಹಾಗೆ. ಕೊಳವೆಯಲ್ಲಿ ಗಾಳಿ ನಿಲ್ಲದಿದ್ದರೆ ಪಟ ಏಳುವುದಿಲ್ಲ, ಪಟ ಏಳದಿದ್ದರೆ ನೀನು ಮನೆಯಲ್ಲೇ ಇರುತ್ತೀ ಅಂದುಕೊಂಡೆ. ಪರೀಕ್ಷೆ ತಪ್ಪಿದರೆ ಆ ದೂರದ ಕೆಲಸವೂ ತಪ್ಪುತ್ತದೆ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ನೀನು ಗಾಳಿ ಸೋರುವುದನ್ನು ಕಂಡು, ಹಳೆಯದಾಗಿದೆ ಬಿಡಮ್ಮಾ ಅಂತ ಅದನ್ನು ಮೂಲೆಗೆ ಹಾಕಿ, ಅದಕ್ಕಿಂತ ದೊಡ್ಡ ಅಪಾಯವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದೆ. ಅದನ್ನು ಕಟ್ಟಿದವಳು ನಾನು. ನಿನ್ನನ್ನು ಉಳಿಸಿಕೊಳ್ಳಲು ಹೋಗಿ ಕೊಂದುಬಿಡುತ್ತಿದ್ದೆ ಮಗಳೇ. ತಪ್ಪಾಯಿತು.

ಸಿಟ್ಟು ಮಾಡು, ಬೈದು ಬರಿ. ಬರೆಯದೆ ಮಾತ್ರ ಇರಬೇಡ. ನೀನು ಬಿದ್ದ ಜಾಗದಿಂದ ಎದ್ದು ನಿಂತದ್ದು ಕಣ್ಣ ಮುಂದೆಯೇ ಇದೆ. ಇಂಥವಳನ್ನು ಹೆತ್ತದ್ದು ನಾನೇನಾ ಅಂತ ಹೊಲಿಗೆ ನಿಲ್ಲಿಸಿ ಕೂತುಬಿಡುತ್ತೇನೆ.

ಇಂತಿ,
ನಿನ್ನ ಅಮ್ಮ

ತಾ.ಕ.: ನಿನ್ನ ಚಿಕ್ಕ ಪಟವನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಕೊಳವೆ ಹೊಸದು. ಅದನ್ನು ಹಾಕಿ ಹೊಲಿದದ್ದು ನಾನಲ್ಲ, ಎದುರು ಬೀದಿಯ ಹಾಯಿ ಅಂಗಡಿಯವಳು. ಹೌದು, ಅವಳೇ, ಒಂದು ಗೆರೆ ನೆಟ್ಟಗೆ ಹೊಲಿಯಲು ಬರುವುದಿಲ್ಲ ಅಂತ ನಾನು ಇಷ್ಟು ವರ್ಷ ಆಡಿಕೊಂಡವಳು. ನಿಮ್ಮ ಕೈಗೇನಾಗಿದೆ, ನೀವೇ ಹೊಲಿಯಬಹುದಿತ್ತಲ್ಲ ಅಂತ ಕೇಳಿದಳು. ಮಾಡಿದ್ದನ್ನೆಲ್ಲ ಹೇಳಿದೆ. ನಿನ್ನ ಪಟಕ್ಕೆ ನಾನು ಮತ್ತೆ ಸೂಜಿ ಹಾಕಬಹುದೋ ಬೇಡವೋ, ಅದನ್ನು ನೀನು ಹೇಳಬೇಕು.