ಸ್ಯಾಕ್ಸೋಫೋನ್ ಊದುತ್ತಿದ್ದವರು

ಶಂಕರಪುರ, ಕಾಪು
19 ಮೇ 2003

ಪ್ರೀತಿಯ ವಿನೋದಾ,

ಮುಂಬಯಿಯಲ್ಲಿ ನೀನೂ ಯಜಮಾನರೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಕ್ರಿಸ್ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಐದು ತಿಂಗಳಾದರೂ ಉತ್ತರ ಬರೆಯಲಿಲ್ಲ. ಬೈಯಬೇಡ. ಬರೆಯಲು ಕುಳಿತರೆ ಒಳ್ಳೆಯ ಸುದ್ದಿ ಒಂದೂ ಇರಲಿಲ್ಲ. ಮಲ್ಲಿಗೆ ಈ ವರ್ಷ ಚೆನ್ನಾಗಿ ಬಿಟ್ಟಿದೆ, ಅಷ್ಟೆ. ನಿನ್ನ ಅಮ್ಮ ಮೊನ್ನೆ ಪೇಟೆಯಲ್ಲಿ ಸಿಕ್ಕಿ, "ಎಂತ ಇಮೆಲ್ಡಾ, ಇಷ್ಟು ಬಡಕಲಾಗಿದ್ದೀ?" ಎಂದು ಕೇಳಿದರು. ಬೆಳಗಾಗುವ ಮೊದಲೇ ಎದ್ದು ಮೊಗ್ಗು ಕೊಯ್ಯಬೇಕಲ್ವಾ, ನಿದ್ದೆ ಸಾಲುವುದಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ.

ವಿನೋದಾ, ಇಮ್ಯಾನುಯೆಲ್ ಮನೆ ಬಿಟ್ಟು ಹೋಗಿ ಇವತ್ತಿಗೆ ಒಂಬತ್ತು ದಿನ.

ನಾನು ಇವರನ್ನು ಮೊದಲು ನೋಡಿದ್ದು ದೊಡ್ಡಪ್ಪನ ಮಗಳ ಮದುವೆಯ ಮುಂಚಿನ ದಿನ, ನಿನಗೆ ನೆನಪಿರಬಹುದು. ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಿದ್ದರು, ಚಪ್ಪರದ ಮೂಲೆಯಲ್ಲಿ ಬ್ಯಾಂಡಿನವರು ಇದ್ದರು. ಇವರು ಕುಳ್ಳಗೆ, ಕಾಲರ್ ಹರಿದ ಕೋಟು. ಬಸ್ಸಿನಲ್ಲಿ ಕಂಡಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಸ್ಯಾಕ್ಸೋಫೋನ್ ತುಟಿಗಿಟ್ಟು ಕಣ್ಣು ಮುಚ್ಚಿ ಊದಿದಾಗ ನಾನು ಗ್ಲಾಸು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನೀನು ಮೊಣಕೈಯಿಂದ ತಿವಿದು, "ಮುಗೀತು ಮಾರಾಯ್ತಿ ನಿನ್ನ ಕಥೆ" ಎಂದಿದ್ದೆ. ಬ್ಯಾಂಡಿನವನಿಗೆ ಮಗಳನ್ನು ಕೊಡುವುದಿಲ್ಲ ಎಂದ ಅಪ್ಪನೆದುರು ಮೂರು ದಿನ ಊಟ ಬಿಟ್ಟು ಕುಳಿತವಳು ನಾನು.

ಇವರಿಗೆ ಮಾತು ಕಡಿಮೆ. ಜಗಳವಾದರೆ ಸಮಾಧಾನ ಮಾಡುವುದೂ ಸ್ಯಾಕ್ಸೋಫೋನಿನಲ್ಲೇ. ಹಿತ್ತಲಲ್ಲಿ ನಿಂತು ಊದಿದರೆ ನನ್ನ ಸಿಟ್ಟು ಎಲ್ಲಿ ಹೋಯಿತೆಂದೇ ಗೊತ್ತಾಗುತ್ತಿರಲಿಲ್ಲ.

ಹೊಸ ವರ್ಷದ ಮರುದಿನ ಬೆಳಿಗ್ಗೆ ಎದ್ದಾಗ ಇವರ ಮುಖದ ಎಡಭಾಗ ಜೋತುಬಿದ್ದಿತ್ತು. ಮಣಿಪಾಲಕ್ಕೆ ಕರೆದುಕೊಂಡು ಓಡಿದೆ. ನರದ ತೊಂದರೆ, ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲಿ ಸರಿಯಾಗುತ್ತದೆ ಎಂದರು ಡಾಕ್ಟರು. ಕಣ್ಣು ಸರಿಯಾಯಿತು. ತುಟಿಯ ಎಡತುದಿ ಆಗಲಿಲ್ಲ. ಊದಿದರೆ ಅಲ್ಲಿಂದಲೇ ಗಾಳಿ ಹೊರಗೆ. ತುಟಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಊದಿ ನೋಡಿದರು. ಸೈಕಲ್ ಟ್ಯೂಬಿನ ಗಾಳಿ ಹೋದಂಥ ಸದ್ದು. ನಾನು ಅಡಿಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ, ಕೇಳಿಸಲಿಲ್ಲ ಎಂದು ಅವರಿಗೆ ಅನ್ನಿಸಲಿ ಎಂದು.

ಈ ತಿಂಗಳು ಕಾರ್ಕಳದಲ್ಲಿ ಒಂದು ಮದುವೆ. ಬ್ಯಾಂಡಿನ ಯಜಮಾನ ಅಲೆಕ್ಸಾಂಡರ್ ಮನೆಗೆ ಬಂದು, "ಊದುವುದು ಬೇಡ ಮಾರಾಯ, ಸುಮ್ಮನೆ ಹಿಡಿದುಕೊಂಡು ನಿಲ್ಲು. ಜನ ಕಡಿಮೆ ಉಂಟು" ಎಂದರು. ಇವರು ಒಲ್ಲೆ ಎಂದರು. ನಾನೇ ಒತ್ತಾಯ ಮಾಡಿ ಹೊರಡಿಸಿದೆ, ಜೊತೆಗೆ ನಾನೂ ಹೋದೆ. ಮಂಗಳೂರಿನಿಂದ ಬಂದ ಹೊಸಬನೊಬ್ಬ ಊದಿದ. ಇವರು ಪಕ್ಕದಲ್ಲಿ ನಿಂತು ಬೆರಳು ಆಡಿಸುತ್ತಾ ಊದಿದ ಹಾಗೆ ಮಾಡಿದರು.

ವಾಪಸ್ ಬರುವ ಬಸ್ಸಿನಲ್ಲಿ ಮಡಿಲಲ್ಲಿದ್ದ ಸ್ಯಾಕ್ಸೋಫೋನ್ ಪೆಟ್ಟಿಗೆ ತೋರಿಸಿ ಕೇಳಿದರು: "ಇದು ಇಲ್ಲದಿದ್ದರೆ ನೀನು ನನ್ನನ್ನು ಮದುವೆಯಾಗುತ್ತಿದ್ದೆಯಾ?"

"ಎಂತ ಮಾತಾಡುತ್ತೀರಿ? ಖಂಡಿತ ಆಗುತ್ತಿದ್ದೆ" ಎಂದೆ.

ಅರ್ಧ ಬಾಯಿಯಲ್ಲಿ ನಕ್ಕರು. "ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಇಮೆಲ್ಡಾ."

ಎರಡು ದಿನ ಬಿಟ್ಟು, ಮುಖದ ವ್ಯಾಯಾಮಕ್ಕೆ ಮಣಿಪಾಲಕ್ಕೆ ಹೋಗುತ್ತೇನೆಂದು ಸ್ಯಾಕ್ಸೋಫೋನ್ ಪೆಟ್ಟಿಗೆ ಹಿಡಿದು ಹೊರಟರು. ಸಂಜೆಯಾದರೂ ಬರಲಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಅವರು ವ್ಯಾಯಾಮಕ್ಕೆ ಬರದೆ ಒಂದು ತಿಂಗಳಾಯಿತು ಎಂದರು. ಕಾರ್ಕಳದಲ್ಲಿ ನಾದಿನಿಯ ಮನೆಯಲ್ಲೂ ಇಲ್ಲ. ಪೊಲೀಸರು ಕೇಳಿದ್ದು ಒಂದೇ, ಕುಡಿಯುತ್ತಾರಾ ಎಂದು. ಕಾಪುವಿನ ಕಡಲ ಬದಿಗೂ ಎರಡು ಸಲ ಹೋಗಿ ನೋಡಿ ಬಂದೆ. ಯಾಕೆ ಹೋದೆನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಉಳಿದಿರುವುದು ನೀನು ಒಬ್ಬಳು. ನಿಮ್ಮ ಮುಂಬಯಿಯ ಧೋಬಿ ತಲಾವಿನ ಹತ್ತಿರ ವಾದ್ಯ ರಿಪೇರಿ ಮಾಡುವ ಮುದುಕರೊಬ್ಬರು ಇದ್ದಾರಂತೆ. ಹಲ್ಲು ಹೋದವರಿಗೂ ಊದಲು ಆಗುವ ಹಾಗೆ ವಾದ್ಯದ ಬಾಯಿಗಿಡುವ ತುದಿ ಮಾಡಿಕೊಡುತ್ತಾರಂತೆ. ಇವರು ಅವರ ವಿಳಾಸ ಕೇಳಿದ್ದರು ಎಂದು ಅಲೆಕ್ಸಾಂಡರ್ ಹೇಳಿದರು. ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ನಿನ್ನ ಕಾಲು ಹಿಡಿಯುತ್ತೇನೆ, ಒಮ್ಮೆ ಹೋಗಿ ನೋಡು. ಸಿಕ್ಕಿದರೆ, ಊದುವುದು ಬೇಡವೇ ಬೇಡ, ಮನೆಗೆ ಬರಲಿ ಎಂದು ಹೇಳು. ಇಲ್ಲದಿದ್ದರೂ ಪಕ್ಕದ ಮನೆಗೆ ಫೋನ್ ಮಾಡಿ ತಿಳಿಸು. ಇಲ್ಲ ಎಂಬುದನ್ನಾದರೂ ಕೇಳುತ್ತೇನೆ.

ನಿನ್ನ ಮಕ್ಕಳ ತಲೆಯ ಮೇಲೆ ದೇವರ ಕೈ ಇರಲಿ. ನಿನ್ನ ಸಂಸಾರ ಯಾವತ್ತೂ ಹೀಗಾಗದಿರಲಿ.

ನಿನ್ನ,
ಇಮೆಲ್ಡಾ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನಿನ್ನಿಂದಲೂ ಮುಚ್ಚಿಟ್ಟರೆ ಇನ್ನು ಯಾರಿಗೆ ಹೇಳಲಿ? ಕಾರ್ಕಳದಲ್ಲಿ ಊಟದ ಹೊತ್ತಿಗೆ ಆ ಹೊಸಬ ಮುಂದೆ ಬಂದು ಒಬ್ಬನೇ ಊದಿದ. ಅವನ ಹೆಸರೂ ನನಗೆ ಗೊತ್ತಿಲ್ಲ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿತು, ನಗು ಬಂತು. ಅವನ ಮುಖದಿಂದ ಕಣ್ಣು ಕೀಳಲು ಆಗಲಿಲ್ಲ. ಗಂಡನನ್ನು ಬಿಟ್ಟರೆ ನಾನು ಬೇರೆ ಯಾರನ್ನೂ ಹಾಗೆ ನೋಡಿದವಳಲ್ಲ. ಹಾಡು ಮುಗಿದ ಮೇಲೆ ನೋಡಿದರೆ ಇಮ್ಯಾನುಯೆಲ್ ಅವನ ಹಿಂದೆಯೇ ನಿಂತಿದ್ದರು, ನನ್ನನ್ನೇ ನೋಡುತ್ತಾ. ವಿನೋದಾ, ಅವರನ್ನು ಕಂಡ ಮೇಲೂ ನನ್ನ ಕೈ ಚಪ್ಪಾಳೆ ತಟ್ಟುತ್ತಲೇ ಇತ್ತು.