ಸೂಜಿ ಕಳೆದುಕೊಂಡವಳ ಮಾತು

ಮಾರುಕಟ್ಟೆ ಜಗುಲಿ, ಹೊಲಿಗೆ ಯಂತ್ರದ ಮುಂದೆ
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಗುಂಡೀ,

ಅಜ್ಜಿಯ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಹೋದ ಸಲ ಬಂದಾಗ ನಿನ್ನ ಅಂಗಿಯ ಹೆಗಲು ಎರಡು ಬೆರಳು ಜಾರಿತ್ತು. ಅಂಗಿ ಬೆಳೆದದ್ದಲ್ಲ, ನೀನು ಇಳಿದದ್ದು. ಸಿಟ್ಟು ಎಷ್ಟೇ ಇರಲಿ, ಮೊದಲು ಕೇಳಬೇಕಾದ್ದನ್ನು ಕೇಳಿದ್ದೇನೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿದೆ, ಆದರೆ ಎದುರಿಗಿದ್ದದ್ದೇ ಕಾಣಲಿಲ್ಲ ನೋಡು. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ. ಫೋನ್ ಮಾಡಬಹುದಿತ್ತು, ಮಾಡುವುದಿಲ್ಲ. ಫೋನಿನಲ್ಲಿ ನಿನ್ನ ಹತ್ತಿರ ಆಡಿದ ಮಾತಿಗೆ ಏನು ಗತಿಯಾಗುತ್ತದೆ ಅಂತ ಈಗ ನನಗೆ ಗೊತ್ತು.

ಸುದ್ದಿ ಕೇಳು. ನಗರಸಭೆ ಚುನಾವಣೆಯಲ್ಲಿ ನಮ್ಮ ವಾರ್ಡಿನಿಂದ ನಿಂತಿದ್ದ ಟೀಚರು ಸೋತರು, ಗೋಡೆಗೋಡೆಯ ಪೋಸ್ಟರಿನಲ್ಲೂ ಹಲ್ಲು ಬಿಡುತ್ತಿದ್ದನಲ್ಲ, ಆ ನಗುಮುಖದವನು ಗೆದ್ದ. ಇದು ನಿನಗೆ ನನಗಿಂತ ಮುಂಚೆಯೇ ಗೊತ್ತಾಗಿರುತ್ತದೆ. ಮುಂದಿನದು ಗೊತ್ತೋ ಇಲ್ಲವೋ. ಅವನು ಗೆದ್ದು ತಿಂಗಳು ಕಳೆದಿಲ್ಲ, ಮಾರುಕಟ್ಟೆ ಖಾಲಿ ಮಾಡಿ ಅಂತ ನಗರಸಭೆಯಿಂದ ನೋಟಿಸು ಬಂತು. ಜಾಗ ಕಾಂಟ್ರಾಕ್ಟರಿಗಂತೆ, ನಮಗೆ ಬಸ್ ಡಿಪೋದ ಹಿಂದಿನ ಬಯಲಂತೆ. ಅಲ್ಲಿ ನೆರಳಿಲ್ಲ, ನಲ್ಲಿಯಿಲ್ಲ, ಪ್ಯಾಂಟಿನ ಅಂಚು ಮಡಚಿಸಿಕೊಳ್ಳಲು ಅಷ್ಟು ದೂರ ಯಾರು ಬರುತ್ತಾರೆ? ಪಕ್ಕದ ಮೊಟ್ಟೆ ಅಂಗಡಿಯವನು ನೋಟಿಸು ಓದಿ ನಕ್ಕುಬಿಟ್ಟ, ತಪ್ಪಿ ಇಲ್ಲಿಗೆ ಬಂದಿದೆ ಅಂದುಕೊಂಡು. ಮಾರುಕಟ್ಟೆ ಉಳಿಯಲಿ ಅಂತಲೇ ಅಲ್ಲವೇ ನಾವೆಲ್ಲ ನಗುಮುಖದವನಿಗೆ ಓಟು ಹಾಕಿದ್ದು! ನಾನೂ ಹಾಕಿದೆ. ನಿನ್ನ ಕಿವಿ ಹಿಂಡಿ ಅಕ್ಷರ ಕಲಿಸಿದ ಟೀಚರಿಗೆ, ನಿನ್ನ ತಾಯಿ ತೀರಿಕೊಂಡ ವರ್ಷ ನನಗೆ ಜೊತೆಯಾಗಲಿ ಅಂತ ದಿನಾ ನಮ್ಮ ಮನೆಗೆ ಮಲಗಲು ಬರುತ್ತಿದ್ದ ಟೀಚರಿಗೆ ನಾನು ಓಟು ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಹೇಳು? ನೀನೇ ಹೇಳು. ಮತದಾನ ಇನ್ನೇನು ಬಂತು ಅನ್ನುವಾಗ ಮೊಟ್ಟೆಯವನ ಫೋನಿಗೆ ಒಂದು ವಾಯ್ಸ್ ಮೆಸೇಜು ಬಂತು. ಯಾವುದೋ ಅಜ್ಜಿಯ ದನಿ. "ಸೂಜಿ ಕಳ್ಕೊಂಡವಳ ಮಾತು ಒಂದು ಕೇಳ್ರಪ್ಪಾ. ಟೀಚರಮ್ಮ ಮಾರ್ಕೆಟ್ ಜಾಗ ಮಾರೋಕೆ ಒಪ್ಕೊಂಡಿದ್ದಾರೆ. ಬಣ್ಣ ನೋಡಿ ಮರುಳಾಗ್ಬೇಡಿ, ಬಟ್ಟೆ ತಿರುವಿ ಒಳಗಿನ ಹೊಲಿಗೆ ನೋಡಿ." ಇಡೀ ಸಾಲು ವ್ಯಾಪಾರ ಬಿಟ್ಟು ಕೇಳಿತು. ಆ ಸೂಜಿಯ ಕಥೆ ಹೊರಗಿನವರಿಗೆ ಗೊತ್ತೇನೇ? ಮದುವೆಯಾದ ಹೊಸದರಲ್ಲಿ ನಿನ್ನ ತಾತನ ಅಂಗಿಯ ಕಾಲರಿನಲ್ಲಿ ಸೂಜಿ ಮರೆತೆ. ಪಾಪ, ಹೊಸ ಹೆಂಡತಿ ನೊಂದುಕೊಂಡಾಳು ಅಂತ ದಿನವಿಡೀ ಕತ್ತು ತಿರುಗಿಸದೆ ಕೆಲಸ ಮಾಡಿ ಬಂದರು. ಅವತ್ತಿನಿಂದ ಮನೆಯೊಳಗೆ ನಾನು ಸೂಜಿ ಕಳೆದುಕೊಂಡವಳು. ನಿನಗೆ ಬುದ್ಧಿ ಹೇಳುವಾಗಲೆಲ್ಲ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ತಾತ ಹೋದ ಮೇಲೆ ಆ ಮಾತು ಬಲ್ಲವರು ನಾನು, ನೀನು, ಟೀಚರು ಅಷ್ಟೇ.

ಆದರೂ ಆ ದಿನ ನನಗೆ ಸಂಶಯ ಬರಲಿಲ್ಲ. ಖುಷಿಯಾಯಿತು! ನನ್ನ ಹಾಗೆ ಸೂಜಿ ಕಳೆದುಕೊಂಡವಳು ಇನ್ನೊಬ್ಬಳಿದ್ದಾಳಲ್ಲ ಅಂತ ನಕ್ಕೆ. ನೀನು ಸೋಪಿನ ಜಾಹೀರಾತು ಬರೆಯುತ್ತೀಯ ಅಂತ ನಂಬಿದವಳಿಗೆ ಬೇರೇನು ಹೊಳೆಯಬೇಕು? ನನ್ನ ಹಾಗೇ ಮಾತಾಡುವವಳು ನನಗೆ ಸುಳ್ಳು ಹೇಳುತ್ತಾಳೆಯೇ ಅನ್ನಿಸಿತು. ಒಳಗಿನ ಹೊಲಿಗೆ ನೋಡಿ ಅಂದದ್ದಕ್ಕೆ ಎಲ್ಲರೂ ತಲೆಯಾಡಿಸಿದೆವೇ ಹೊರತು ಒಬ್ಬರೂ ತಿರುವಿ ನೋಡಲಿಲ್ಲ. ಮೇಲಿಂದ ನಾನೇ ಆ ಸಾಲಿನವರಿಗೆಲ್ಲ, ಅಜ್ಜಿ ಸರಿಯಾಗೇ ಹೇಳ್ತಿದ್ದಾಳೆ ಅಂತ ಒಗ್ಗರಣೆ ಬೇರೆ ಹಾಕಿದೆ.

ನೋಟಿಸು ಬಂದ ಮಾರನೆಯ ದಿನ ಟೀಚರು ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಮೊಟ್ಟೆಯವನಿಗೆ ಆ ಮೆಸೇಜು ಹಾಕು ಅಂದರು. ಕೇಳಿದರು. ನನ್ನ ಮುಖ ನೋಡಿ, "ಇದು ನಿಮ್ಮ ಮಾತಲ್ವೇನ್ರೀ?" ಅಂದರು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು, ಆಗಲೇ ನನಗೆ ಎಲ್ಲ ಹೊಳೆದದ್ದು. ಏನೋ ಒಂದು ಉತ್ತರ ಕೊಟ್ಟೆ, ಅದನ್ನು ಆಮೇಲೆ ಬರೆಯುತ್ತೇನೆ. ಅವರು ನನ್ನ ಯಂತ್ರದ ಎದುರಿನ ನಗರಸಭೆಯ ಬೋರ್ಡಿನ ಹತ್ತಿರ ಹೋದರು. ಅದರ ಮೊಳೆಗೆ ನಾನು ಹೊಲಿದ ಪ್ಯಾಂಟುಗಳನ್ನು ನೇತುಹಾಕುವುದು ನಿನಗೆ ಗೊತ್ತಲ್ಲ. ಪ್ಯಾಂಟು ಸರಿಸಿದರೆ ಹಿಂದೆ ಹೋದ ವರ್ಷದ ಸಭೆಯ ನಡಾವಳಿ. ಮಾರುಕಟ್ಟೆ ಜಾಗ ಕೊಡುವ ಪ್ರಸ್ತಾವವನ್ನು ಎದ್ದು ನಿಂತು ವಿರೋಧಿಸಿದವರು ಆಗ ಸದಸ್ಯರಾಗಿದ್ದ ಟೀಚರು, ಅದಕ್ಕೇ ಅದು ಮುಂದಕ್ಕೆ ಹೋಗಿತ್ತು. ಇಷ್ಟು ದಿನ ಅದು ಅಲ್ಲೇ ಇತ್ತು, ನನ್ನ ಪ್ಯಾಂಟುಗಳ ಹಿಂದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. "ಓದದಿದ್ರೆ ಹೋಗ್ಲಿ, ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಅಂದು ಟೀಚರು ಹೊರಟುಹೋದರು. ಸಂಜೆ ಚಹಾಕ್ಕೆ ಬರುತ್ತಿದ್ದವರು ಈಗ ಹಿಂದಿನ ಬೀದಿಯಿಂದ ಮನೆಗೆ ಹೋಗುತ್ತಾರೆ. ಎರಡು ಲೋಟ ತೊಳೆದಿಟ್ಟು ಒಂದನ್ನು ಹಾಗೇ ಮಗುಚಿಡುತ್ತೇನೆ.

ಬರೆದದ್ದು ನೀನೋ ಅಲ್ಲವೋ ಅಂತ ನಾನು ಕೇಳುವುದಿಲ್ಲ. ಹೊಲಿಗೆ ನೋಡಿದರೆ ಯಾರ ಕೈ ಅಂತ ಹೇಳಬಲ್ಲೆ. ಕೇಳುವುದು ಬೇರೆ. ಚುನಾವಣೆಗೆ ಮೊದಲು ಸಂಜೆ ಸಂಜೆ ಫೋನ್ ಮಾಡುತ್ತಿದ್ದೆಯಲ್ಲ, "ಅಜ್ಜೀ, ಏನಾದ್ರೂ ಮಾತಾಡು, ನಿನ್ನ ಮಾತು ಕೇಳ್ಬೇಕು ಅನ್ನಿಸ್ತಿದೆ" ಅಂತ? ನಾನು ಒಲೆ ಆರಿಸಿ ಕೂತು ಮಾತಾಡಿದೆ. ಮೊಮ್ಮಗಳಿಗೆ ನನ್ನ ನೆನಪು ಕಾಡುತ್ತಿದೆ ಅಂತ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದೆ, ನಾಚಿಕೆಗೆಟ್ಟವಳು. ನಡುವೆ ನೀನು ಮೆಲ್ಲಗೆ ಕೇಳಿದೆ, "ಮಾರ್ಕೆಟ್ಟಿನೋರು ಯಾವುದಕ್ಕೆ ಜಾಸ್ತಿ ಹೆದರ್ತಾರೆ ಅಜ್ಜೀ?" ಜಾಗ ಹೋಗೋದಕ್ಕೆ ಅಂದೆ. "ಯಾರ ಮಾತು ನಂಬ್ತಾರೆ?" ತಮ್ಮಂಥವರ ಮಾತು ಅಂದೆ. ಅಳತೆ ಕೊಟ್ಟವಳು ನಾನೇ, ನೀನು ಆ ಅಳತೆಗೆ ಸರಿಯಾಗಿ ಹೊಲಿದು ನಮಗೇ ತೊಡಿಸಿದೆ. ಆ ಸಂಜೆಗಳಲ್ಲಿ ಒಂದಾದರೂ ನನಗೋಸ್ಕರ ಮಾಡಿದ ಫೋನಾಗಿತ್ತೇನೇ? ಅದೊಂದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಮಾರುಕಟ್ಟೆ ಹೋಗುವುದಕ್ಕಿಂತ ಹೆಚ್ಚು ಉರಿಯುತ್ತದೆ.

ನಿನ್ನ ಜಾಹೀರಾತು ಕಂಪನಿಯವರು ಹೇಳಿದರು, ನಾನು ಬರೆದೆ ಅನ್ನಬೇಡ. ಯಾವ ಊರಿಗೆ ಹೋಗುತ್ತದೆ ಗೊತ್ತಿರಲಿಲ್ಲ ಅಂತಲೂ ಅನ್ನಬೇಡ, ಟೀಚರಮ್ಮ ಅಂತ ಬರೆದ ಕೈಗೆ ಯಾವ ಟೀಚರು ಅಂತ ಗೊತ್ತಿರಲಿಲ್ಲವೇ? ಅಲ್ಲಿಯವರ ಜೊತೆ ಸೇರಿ, ಜನ ದಡ್ಡರು, ಯಾರು ಏನು ಹೇಳಿದರೂ ನಂಬುತ್ತಾರೆ ಅಂತ ನಗುತ್ತಿದ್ದೀರೋ ಏನೋ. ಕೇಳು, ಜನ ದಡ್ಡರಲ್ಲ. ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿದವನಿಗೆ ನಡಾವಳಿ ಓದಲು ಬಿಡುವಿಲ್ಲ. ತಾನು ನಂಬುವವರನ್ನು ಕೇಳುತ್ತಾನೆ, ಅವರು ಹೇಳಿದ ಕಡೆ ಓಟು ಹಾಕುತ್ತಾನೆ. ನಾನೂ ಎಷ್ಟೋ ಸಲ ಹಾಗೇ ಟೀಚರನ್ನು ಕೇಳಿ ಹಾಕಿದ್ದೇನೆ. ಊರು ನಡೆಯುವುದೇ ಆ ನಂಬಿಕೆಯ ಮೇಲೆ, ನೀನು ಕೈ ಹಾಕಿದ್ದು ಅದಕ್ಕೇ. ಇನ್ನು ಈ ಬೀದಿಯಲ್ಲಿ ಯಾರಾದರೂ ನಿಜ ಹೇಳಿದರೂ, ಇದು ಯಾರು ಬರೆದುಕೊಟ್ಟದ್ದು ಅಂತ ಕೇಳುತ್ತಾರೆ. ಮೊಟ್ಟೆಯವನು ಆಗಲೇ ಕೇಳುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಯಾರಿಗೆ ಹೇಳುವುದು?

ಸಾಕು. ಹರಸುವ ಬಾಯಿಗೆ ಇವತ್ತು ಬೇರೇನೋ ಬರುತ್ತಿದೆ, ಆದರೂ ಹರಸುತ್ತೇನೆ, ಚೆನ್ನಾಗಿರು. ಬಿಸಿನೀರು ಕುಡಿಯುವುದು ಮರೆಯಬೇಡ.

ನಿನ್ನ ಅಜ್ಜಿ

ಮರುಬರಹ: ಟೀಚರಿಗೆ ಕೊಟ್ಟ ಉತ್ತರ ಬರೆಯುತ್ತೇನೆ ಅಂದಿದ್ದೆನಲ್ಲ. ಹೌದು, ನಾನೇ ಹೇಳಿಸಿದ್ದು ಅಂದೆ. ನಿನ್ನ ಹೆಸರು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ನೀನು ಮಗುವಾಗಿದ್ದಾಗ ನನ್ನ ಡಬ್ಬಿಯ ಗುಂಡಿ ನುಂಗಿ ನೀಲಿಗಟ್ಟಿದಾಗ, ಚಪ್ಪಲಿಯನ್ನೂ ಮೆಟ್ಟದೆ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅದೇ ಟೀಚರು. ಅಂಥವರ ಮುಂದೆ ನಿನಗಾಗಿ ಸುಳ್ಳು ಹೇಳಿದ್ದೇನೆ, ಇನ್ನು ಹೊರಲಾರೆ. ಶನಿವಾರ ಬೆಳಿಗ್ಗೆ ನಗರಸಭೆಯಲ್ಲಿ ನೋಟಿಸಿನ ಬಗ್ಗೆ ಜನರ ಅಹವಾಲು ಕೇಳುತ್ತಾರೆ. ಇಷ್ಟಾದ ಮೇಲೂ ನಮ್ಮ ಪರವಾಗಿ ಮಾತಾಡಲು ಟೀಚರು ಬರುತ್ತಾರಂತೆ. ಅವರು ಏಳುವ ಮೊದಲು ನೀನು ಎದ್ದು ನಿಲ್ಲಬೇಕು. ನೀನು ಬಾರದಿದ್ದರೆ ನಾನೇ ಎದ್ದು ನಿನ್ನ ಹೆಸರು ಹೇಳುತ್ತೇನೆ. ಬರುವಾಗ ಫೋನು ಬೇಡ, ಬಾಯಿ ತಾ.