ಆರದ ದೀಪ

ಕಿಟ್ವೆ

ಮುತಾಲೆಯ ಅಮ್ಮನವರಿಗೆ,

ರೇಡಿಯೋ ರಿಪೇರಿ ಅಂಗಡಿಯ ಕಸೊಂಡೆ ಬರೆಯುವುದು. ಮಗ ಮುತಾಲೆಯ ದೋಣಿ ಮುಳುಗಿದ ಮೇಲೂ ನೀವು ಶೋಕಕ್ಕೆ ಕೂತಿಲ್ಲವಂತೆ. “ಅಂಗಡೀಲಿ ಅವನ ದೀಪ ಉರೀತಾನೇ ಇದೆ, ಎಲ್ಲೋ ಇದಾನೆ ಕಣ್ರೋ” ಅಂದಿರಂತೆ.

ಸರೋವರದ ಊರಿನಿಂದ ಅವನು ಫೋನಿನಲ್ಲೇ ಇಲ್ಲಿಯ, ರೇಡಿಯೋ ಪರೀಕ್ಷಿಸುವ ಮೀಟರನ್ನು ನಡೆಸುತ್ತಿದ್ದದ್ದು ನಿಜ. ಅದಕ್ಕೆ ಜೋಡಿಸಿದ ಅಂಗೈಯಗಲದ ಕಂಪ್ಯೂಟರ್ ಅವನ ಆಜ್ಞೆ ದಾಟಿಸಿದೊಡನೆ ಮೀಟರಿನ ‘ರಿಮೋಟ್’ ದೀಪ ಹತ್ತುತ್ತಿತ್ತು, ಗುಂಡಿಗಳು ನನ್ನ ಮಾತು ಕೇಳುತ್ತಿರಲಿಲ್ಲ. “ಕೈ ತೆಗಿಯಣ್ಣ, ಈಗ ನಾನೇ ಯಜಮಾನ” ಅಂತ ಅಲ್ಲಿಂದಲೇ ಅಣಕಿಸುತ್ತಿದ್ದ.

ಆದರೆ ಆಜ್ಞೆ ಕೊಟ್ಟವನು ಹೋದರೂ ಆ ದೀಪ ಉರಿಯುತ್ತದೆ ಅಮ್ಮಾ, ಇಲ್ಲಿ ಯಾರಾದರೂ ‘ಲೋಕಲ್’ ಗುಂಡಿ ಒತ್ತುವವರೆಗೆ. ಕೆಟ್ಟ ರೇಡಿಯೋವನ್ನೂ ಹೊಗಳಿ ಮಾರಿದ ಬಾಯಿ ನನ್ನದು. ಇದಕ್ಕೊಂದು ಒಳ್ಳೆಯ ಮಾತು ಸಿಗಲಿಲ್ಲ.

ಶೋಕಕ್ಕೆ ಕೂರಿ. ಬಂದವರ ಊಟಕ್ಕೆ ಮೆಕ್ಕೆಜೋಳದ ಹಿಟ್ಟು ನಾನು ತರುತ್ತೇನೆ. ಗುಂಡಿ ಒತ್ತಲು ಮಾತ್ರ ಬೇರೆ ಯಾರನ್ನಾದರೂ ಕಳಿಸಿ. ಕರೆಂಟ್ ಹೋದಾಗಲೆಲ್ಲ ಆ ದೀಪ ಆರದಂತೆ ಮೀಟರಿಗೆ ಬ್ಯಾಟರಿ ಜೋಡಿಸುತ್ತಿರುವವನು ನಾನೇ.

ನಿಮ್ಮವನೇ,
ಕಸೊಂಡೆ